ಐದು ಸೆಂಟಿಮೀಟರ್

ಕಳೆದ ಗಣರಾಜ್ಯೋತ್ಸವದ ದಿನ ಪುಣೆಯ ಒಂದು ಸಭಾಂಗಣದಲ್ಲಿ ನಮ್ಮ ಅಕ್ಕನಿಗೆ ಸನ್ಮಾನವಾಯಿತು. ಸೇನೆಯಲ್ಲಿದ್ದಾಗ ತೀರಿಕೊಂಡ ಹುಡುಗರ ತಾಯಂದಿರನ್ನು ಕರೆಸಿ ಗೌರವಿಸಬೇಕೆಂದು ಇಲ್ಲಿಯ ಕನ್ನಡಿಗರ ಬಳಗವೊಂದು ನಿಶ್ಚಯಿಸಿತ್ತು. ಮಗನನ್ನು ಕಳೆದುಕೊಂಡು ಐದು ವರ್ಷ ದಾಟಿದ ಅಕ್ಕ ಬೈಲಹೊಂಗಲದ ಕಡೆಯಿಂದ ರಾತ್ರಿ ಬಸ್ಸಿಗೆ ಬಂದು, ದಾಪೋಡಿಯ ನಮ್ಮ ಮನೆಯಲ್ಲಿ ಮುಖ ತೊಳೆದು, ಟ್ರಂಕಿನ ಮಡಿಕೆ ಇನ್ನೂ ಬಿಡದ ಇಳಕಲ್ ಸೀರೆಯುಟ್ಟು ವೇದಿಕೆಯ ಮೇಲೆ ಕುಳಿತಿದ್ದಳು. ನಿರೂಪಕರು ಒಬ್ಬೊಬ್ಬ ತಾಯಿಯ ಪರಿಚಯ ಹೇಳುತ್ತ ಬಂದು ಅಕ್ಕನ ಸರದಿಗೆ ದನಿ ಏರಿಸಿದರು. ಹಿಮಾಲಯದ ತುತ್ತತುದಿಯಲ್ಲಿ ಶತ್ರುಗಳೊಂದಿಗೆ ವೀರಾವೇಶದಿಂದ ಸೆಣಸಿ, ಎದೆಗೆ ಗುಂಡು ತಾಗಿದರೂ ಹಿಂದೆ ಸರಿಯದೆ ಪ್ರಾಣಾರ್ಪಣೆ ಮಾಡಿದ ಧೀರನ ತಾಯಿ ಇವರು ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮೂರನೆಯ ಸಾಲಿನಲ್ಲಿದ್ದ ನಾನೂ ಎದ್ದು ನಿಂತು ತಟ್ಟಿದೆ. ಬಳಗದವರು ಕೇಳಿದಾಗ ಪರಿಚಯದ ಟಿಪ್ಪಣಿಯನ್ನು ಬರೆದು ಕೊಟ್ಟಿದ್ದವನು ನಾನೇ, ಅದರಲ್ಲಿ ಗುಂಡೂ ಇರಲಿಲ್ಲ, ಶತ್ರುವೂ ಇರಲಿಲ್ಲ.

ಮನೆಗೆ ಬರುವಾಗ ರಿಕ್ಷಾದಲ್ಲಿ ಅಕ್ಕ ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದಳು. ಸಂಗಮವಾಡಿಯ ಸಿಗ್ನಲ್ಲಿನಲ್ಲಿ ರಿಕ್ಷಾ ನಿಂತಾಗ ನನ್ನ ಕಡೆಗೆ ತಿರುಗಿ ಕೇಳಿದಳು: “ತಮ್ಮಾ, ಅವ ಯಾರ ಕೂಡ ಹೊಡದಾಡಿದಾ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ತನಗೆ ಇಷ್ಟು ವರ್ಷ ಹೇಳದೆ ಮುಚ್ಚಿಟ್ಟದ್ದು ಏನಾದರೂ ಇರಬಹುದೇ ಎಂಬ ಅನುಮಾನ ಮಾತ್ರ ಇತ್ತು. ಯಾರ ಕೂಡಲೂ ಇಲ್ಲ, ಅವರು ತಿಳಿಯದೆ ಹಾಗೆ ಹೇಳಿದರು ಎಂದು ನಾನು ಸಮಜಾಯಿಷಿ ಕೊಟ್ಟೆ. ಆದರೆ ಅವರು ತಿಳಿಯದೆ ಹೇಳಿದ್ದಲ್ಲ. ತಿಳಿದದ್ದು ಅವರಿಗೆ ಸಾಲಲಿಲ್ಲ. ಆ ದಿನದಿಂದ ನನ್ನನ್ನು ಕಾಡುತ್ತಿರುವುದು ಇದೇ.

ಇಲ್ಲಿ ಅವನ ಹೆಸರು ಬರೆಯುವುದಿಲ್ಲ. ಊರಿನ ಬಸ್ ನಿಲ್ದಾಣದ ಫಲಕದಲ್ಲಿ, ಶಾಲೆಯ ಗೋಡೆಯ ಮೇಲೆ, ಪ್ರತಿ ಆಗಸ್ಟಿನಲ್ಲಿ ಕಟ್ಟುವ ಫ್ಲೆಕ್ಸಿನಲ್ಲಿ ಆ ಹೆಸರಿನ ಹಿಂದೆ ಮುಂದೆ ಎಷ್ಟೊಂದು ಪದಗಳು ಸೇರಿಕೊಂಡಿವೆಯೆಂದರೆ ಈಗ ಅದನ್ನು ಓದಿದಾಗ ನನಗೆ ಅವನ ಮುಖ ನೆನಪಾಗುವುದಿಲ್ಲ. ಅವನು ನನ್ನ ಅಕ್ಕನ ಮಗ, ನನ್ನ ಅಳಿಯ. ಅಷ್ಟು ಸಾಕು.

ಭರ್ತಿಯ ವರ್ಷ

ಅವನು ಪುಣೆಗೆ ಬಂದದ್ದು 2016ರ ಬೇಸಗೆಯಲ್ಲಿ, ಪಿಯುಸಿ ಮುಗಿಸಿ. ಆ ವರ್ಷದ ಫೆಬ್ರುವರಿಯನ್ನು ನಮ್ಮ ಕಡೆಯವರಾರೂ ಮರೆತಿರಲಾರರು. 3ನೆಯ ತಾರೀಖು ಸಿಯಾಚಿನ್‌ನ ಸುಮಾರು 19,600 ಅಡಿ ಎತ್ತರದ ಠಾಣೆಯೊಂದರ ಮೇಲೆ ಹಿಮದ ಗೋಡೆ ಕುಸಿದು ಹತ್ತು ಜನ ಸೈನಿಕರು ಹೂತುಹೋಗಿದ್ದರು. ಎಲ್ಲರೂ ತೀರಿದರೆಂದು ಪ್ರಕಟಿಸಿದ ಮೇಲೆ, ಆರನೆಯ ದಿನ, ಇಪ್ಪತ್ತೈದು ಅಡಿ ಹಿಮದ ಕೆಳಗಿನಿಂದ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಉಸಿರಿರುವಾಗಲೇ ಹೊರತೆಗೆದರು. ಫೆಬ್ರುವರಿ 11ರಂದು ಅವರು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಳ್ಳುವವರೆಗೆ ನಮ್ಮ ಊರಿನ ಗುಡಿಯಲ್ಲಿ ದೀಪ ಆರಲಿಲ್ಲವೆಂದು ಅಕ್ಕ ಹೇಳಿದ್ದಳು. ಅಳಿಯನು ಸೈನ್ಯಕ್ಕೆ ಸೇರುವ ಮನಸ್ಸು ಮಾಡಿದ್ದು ಆ ಸಾವಿನಿಂದ ಸ್ಫೂರ್ತಿ ಪಡೆದು ಎಂದು ಊರಿನಲ್ಲಿ ಈಗ ಭಾಷಣ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅವನ ಅಪ್ಪ ತೀರಿ ಹತ್ತು ವರ್ಷವಾಗಿತ್ತು, ಇದ್ದ ಮೂರು ಎಕರೆ ಮಳೆಯಾಶ್ರಿತ ಹೊಲವನ್ನು ಲಾವಣಿಗೆ ಕೊಟ್ಟಿದ್ದರು, ತಂಗಿ ಎಂಟನೆಯ ತರಗತಿಯಲ್ಲಿದ್ದಳು. ಬೆಳಗಾವಿ ಜಿಲ್ಲೆಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರವಿದೆ, ಪ್ರತಿ ಊರಿನಲ್ಲೂ ನಾಲ್ಕಾರು ಮಂದಿ ಪಿಂಚಣಿದಾರ ಸುಬೇದಾರರು, ಹವಾಲ್ದಾರರು ಇದ್ದಾರೆ, ಅವರ ಮನೆಗಳಿಗೆ ಆರ್‌ಸಿಸಿ ಇದೆ. ಹುಡುಗರು ಲೆಕ್ಕ ಹಾಕುವುದು ಅದನ್ನು. ಹಾಗೆ ಲೆಕ್ಕ ಹಾಕಿ ಹೋದವನ ದೇಶಪ್ರೇಮ ಕಡಿಮೆಯದೆಂದು ನಾನು ಒಪ್ಪುವುದಿಲ್ಲ; ಆದರೆ ಲೆಕ್ಕವೇ ಇರಲಿಲ್ಲವೆಂದು ಹೇಳುವುದು ಅವನ ಬುದ್ಧಿಗೆ ಮಾಡುವ ಅವಮಾನ.

ಮೊದಲ ರ‍್ಯಾಲಿಯಲ್ಲಿ ಅವನು ಸೇನಾ ಭರ್ತಿಯ ಓಟದಲ್ಲೇ ಹಿಂದುಳಿದು ಹೊರಬಿದ್ದಿದ್ದ. ಊರಿನಲ್ಲಿದ್ದರೆ ಗೆಳೆಯರು ಓಡಲು ಬಿಡುವುದಿಲ್ಲ ಎಂದು ನಮ್ಮ ಮನೆಗೆ ಬಂದ. ಹಗಲು ಪಿಂಪರಿಯ ಕಡೆ ಒಂದು ಪ್ಯಾಕಿಂಗ್ ಗೋದಾಮಿನಲ್ಲಿ ಕೆಲಸ, ಬೆಳಗಿನ ಜಾವ ಓಟ. ಅಂದಿನ ನಿಯಮದ ಪ್ರಕಾರ 1.6 ಕಿಲೋಮೀಟರನ್ನು ಐದೂವರೆ ನಿಮಿಷದಲ್ಲಿ ಮುಗಿಸಿದವರಿಗೆ ಪೂರ್ತಿ 60 ಅಂಕ, ಅನಂತರದ ಹದಿನೈದು ಸೆಕೆಂಡಿನೊಳಗೆ ಬಂದವರಿಗೆ 48. ಹತ್ತು ಪುಲ್-ಅಪ್ಪಿಗೆ 40. ಒಂಬತ್ತು ಅಡಿಯ ಹಳ್ಳ ಜಿಗಿಯಬೇಕು. ಈ ಅಂಕಿಗಳು ನನಗೆ ಮಗಳ ಶಾಲೆಯ ಫೀಜಿನ ಹಾಗೆ ಬಾಯಿಪಾಠವಾಗಿದ್ದವು. ಮೈದಾನದ ನಾಲ್ಕು ಸುತ್ತಿಗೆ 1.6 ಕಿಲೋಮೀಟರಾಗುತ್ತದೆಂದು ಹೆಜ್ಜೆ ಎಣಿಸಿ ಗೊತ್ತುಮಾಡಿಕೊಂಡು, ಆಕ್ಟಿವಾದ ಮೇಲೆ ಕುಳಿತು ಮೊಬೈಲಿನಲ್ಲಿ ಸಮಯ ನೋಡುವುದು ನನ್ನ ಕೆಲಸ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಕೆಂಪು ರಾಡಿ ಅವನ ಬೆನ್ನಿನವರೆಗೂ ಸಿಡಿದಿರುತ್ತಿತ್ತು. ಕೊನೆಯ ಸುತ್ತಿನಲ್ಲಿ ಅವನ ಕಾಲಿಗಿಂತ ಮೊದಲು ಅವನ ಉಸಿರಿನ ಸಪ್ಪಳ ನನಗೆ ಕೇಳಿಸುತ್ತಿತ್ತು. ಮುಗಿಸಿದವನೇ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ, “ಎಷ್ಟಾತ ಮಾಮಾ?” ಎನ್ನುತ್ತಿದ್ದ. ಐದು ನಲವತ್ತೆರಡು ಎಂದರೆ ಮಾತಿಲ್ಲದೆ ಮನೆಗೆ ಬಂದು ನೆನೆಸಿದ ಕಡಲೆ ತಿನ್ನುತ್ತಿದ್ದ. ಅಕ್ಟೋಬರಿನಲ್ಲಿ ಒಂದು ದಿನ ಐದು ಇಪ್ಪತ್ತೆಂಟಕ್ಕೆ ಬಂದ. ಆ ದಿನ ನಾನು ಸುಳ್ಳು ಹೇಳುತ್ತಿದ್ದೇನೆಂದು ಮೊಬೈಲನ್ನು ಕಸಿದುಕೊಂಡು ತಾನೇ ನೋಡಿದ.

ಫುಗ್ಗಾ

ಓಟ ಸರಿಹೋಯಿತು, ಎದೆ ಸರಿಹೋಗಲಿಲ್ಲ. ಎದೆಯ ಸುತ್ತಳತೆ 77 ಸೆಂಟಿಮೀಟರ್ ಇರಬೇಕು ಮತ್ತು ಉಸಿರು ತುಂಬಿಕೊಂಡಾಗ ಅದು ಕನಿಷ್ಠ 5 ಸೆಂಟಿಮೀಟರ್ ಹಿಗ್ಗಬೇಕು. ನನ್ನ ಹೆಂಡತಿ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳ ಹಳದಿ ಟೇಪಿನ ಮೊದಲ ಎರಡು ಸೆಂಟಿಮೀಟರುಗಳ ಅಂಕಿ ಅಳಿಸಿಹೋಗಿತ್ತು, ಅಂದಾಜಿನಿಂದ ಓದಿಕೊಳ್ಳಬೇಕಾಗಿತ್ತು. ರಾತ್ರಿ ಊಟಕ್ಕೆ ಮುಂಚೆ ಅವನು ಅಂಗಿ ಬಿಚ್ಚಿ ಕಪಾಟಿನ ಕನ್ನಡಿಯ ಎದುರು ನಿಲ್ಲುತ್ತಿದ್ದ. ನಾನು ಹಿಂದಿನಿಂದ ಟೇಪು ಸುತ್ತಿ, “ಬಿಡು” ಎನ್ನುತ್ತಿದ್ದೆ. ಪಕ್ಕೆಲುಬು ಎಣಿಸುವಷ್ಟು ಖಾಲಿಯಾಗುತ್ತಿದ್ದ. 78. “ತುಂಬಿಕೋ” ಎಂದರೆ ಕಣ್ಣುಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ, ಹೆಗಲೇರಿಸಿ ತುಂಬಿಕೊಳ್ಳುತ್ತಿದ್ದ. 82. ಹೆಗಲೇರಿಸಿದರೆ ಲೆಕ್ಕಕ್ಕಿಲ್ಲ, ಅಲ್ಲಿ ಹವಾಲ್ದಾರ ಹೆಗಲನ್ನು ಒತ್ತಿ ಹಿಡಿಯುತ್ತಾನೆ ಎಂದು ನಾನು ಹೆಗಲೊತ್ತಿ ಮತ್ತೆ ಅಳೆದರೆ 81ಕ್ಕೇ ನಿಲ್ಲುತ್ತಿತ್ತು.

ಫುಗ್ಗಾ ಊದಿದರೆ ಎದೆ ಹಿಗ್ಗುತ್ತದೆಂದು ಗೋದಾಮಿನಲ್ಲಿ ಯಾರೋ ಹೇಳಿದರಂತೆ. ನೂರು ಫುಗ್ಗಾದ ಒಂದು ಪಾಕೀಟು ತಂದ. ಅಲ್ಲಿಂದ ಎರಡು ತಿಂಗಳು ನಮ್ಮ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾತ್ರೆಯ ಸ್ಟ್ಯಾಂಡಿನ ಹಿಂದೆ, ದೇವರ ಮಾಡದ ಕೆಳಗೆ, ಹಾಸಿಗೆಯ ಒತ್ತಿನಲ್ಲಿ ಬಣ್ಣಬಣ್ಣದ ಫುಗ್ಗಾಗಳು. ಆಗ ಆರು ವರ್ಷದವಳಾಗಿದ್ದ ನನ್ನ ಮಗಳಿಗೆ ದಿನವೂ ಹುಟ್ಟಿದ ಹಬ್ಬ. ಅವನು ಊದಿ ಗಂಟು ಹಾಕಿ ಎಸೆಯುವುದು, ಅವಳು ಅದನ್ನು ಒಡೆಯುವುದು. ರಾತ್ರಿ ಹನ್ನೊಂದಕ್ಕೆ ಫಟ್ಟೆಂದು ಸದ್ದಾದಾಗ ಕೆಳಗಿನ ಮನೆಯ ಮಾವಶಿಯೊಬ್ಬರು ಬಂದು ಬಾಗಿಲು ತಟ್ಟಿದ್ದೂ ಉಂಟು. ಇದರಿಂದ ನಿಜವಾಗಿ ಎದೆ ಹಿಗ್ಗುತ್ತದೆಯೇ ಎಂದು ವೈದ್ಯರನ್ನು ಕೇಳಿದರೆ ನಗಬಹುದು. ಆದರೆ ಡಿಸೆಂಬರಿನ ಒಂದು ರಾತ್ರಿ, ಹೆಗಲು ಒತ್ತಿ ಹಿಡಿದೇ ಅಳೆದಾಗ, ಟೇಪು 83ಕ್ಕೆ ಬಂತು. ಅವನು ಉಸಿರನ್ನು ಬಿಡಲೇ ಇಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ, ಉಬ್ಬಿದ ಎದೆಯಲ್ಲಿಯೇ, ಎಷ್ಟು ಎಂದು ಹುಬ್ಬಿನಿಂದ ಕೇಳಿದ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು, ಆಮೇಲೆ ಹೇಳಲು ಧೈರ್ಯ ಬರಲಿಕ್ಕಿಲ್ಲ. 2017ರ ಆರಂಭದ ರ‍್ಯಾಲಿಯಲ್ಲಿ ಓಟ, ಅಳತೆ ಎಲ್ಲ ಪಾಸಾದವನಿಗೆ ವೈದ್ಯಕೀಯ ತಪಾಸಣೆಯ ಹೊತ್ತಿಗೆ ನೆಗಡಿ ಹಿಡಿದು ಕೆಮ್ಮು ಹತ್ತಿಕೊಂಡಿತು. ಬೆಳಗಾವಿಯಿಂದ ಫೋನು ಮಾಡಿ, ಏನು ಮಾಡಲಿ ಎಂದು ಕೇಳಿದ. ನಾನು ಹೇಳಿದ್ದು ಇಷ್ಟು: “ಸಾಹೇಬರ ಮುಂದ ಕೆಮ್ಮಬ್ಯಾಡ, ತಡಕೋ. ಕೇಳಿದ್ರ ಎಲ್ಲಾ ಬರೋಬ್ಬರಿ ಐತಿ ಅನ್ನು.” ಅವನು ತಡೆದುಕೊಂಡ. ಎಲ್ಲ ಬರೋಬ್ಬರಿ ಇದೆಯೆಂದ. ಪಾಸಾದ. ಸೋದರಮಾವನ ಬುದ್ಧಿವಂತಿಕೆಯನ್ನು ಅಕ್ಕ ಊರ ತುಂಬ ಹೊಗಳಿದಳು.

ಎತ್ತರ

ತರಬೇತಿ ಮುಗಿಸಿ ಪ್ರಮಾಣ ಮಾಡುವ ಕಸಮ್ ಪರೇಡಿಗೆ ನಾವೆಲ್ಲ ಬೆಳಗಾವಿಗೆ ಹೋಗಿದ್ದೆವು. ಅದನ್ನು ವರ್ಣಿಸುವ ಅಗತ್ಯವಿಲ್ಲ, ಅಂಥ ಫೋಟೋ ಪ್ರತಿ ಮನೆಯಲ್ಲೂ ಇರುತ್ತದೆ. ಎರಡನೆಯ ವರ್ಷಕ್ಕೆ ಅವನ ಪಲ್ಟನ್ ಲಡಾಖಿಗೆ ಹೋಯಿತು.

2019ರ ಆಗಸ್ಟಿನ ಮಳೆಯಲ್ಲಿ ಮಲಪ್ರಭೆ ಉಕ್ಕಿ ನಮ್ಮ ಕಡೆಯ ಊರೂರುಗಳೇ ನೀರಿನಲ್ಲಿ ನಿಂತಾಗ ಅಕ್ಕನ ಮನೆಯ ಹಿಂದಿನ ಮಣ್ಣಿನ ಗೋಡೆ ಬಿದ್ದಿತು. ಅವನು ಸೆಪ್ಟೆಂಬರಿನಲ್ಲಿ ರಜೆ ಹಾಕಿ ಬಂದ. ಗೌಂಡಿಗಳು ಸಿಗದ ಕಾಲ ಅದು. ತಾನೇ ಇಟ್ಟಂಗಿ ತಂದು, ಕೈಯಲ್ಲಿ ಥಾಪಿ ಹಿಡಿದು, ಸೊಟ್ಟಗಾದರೂ ಗೋಡೆ ಎಬ್ಬಿಸಿದ. ಗಿಲಾಯಿ ಅರ್ಧ ಆಗುವಷ್ಟರಲ್ಲಿ ರಜೆ ತೀರಿತು. ದಸರೆ ಮುಗಿಸಿಕೊಂಡು ಹೋಗುವಾಗ ಪುಣೆಗೆ ಬಂದು ಒಂದು ರಾತ್ರಿ ಇದ್ದು ದಿಲ್ಲಿಯ ಗಾಡಿ ಹಿಡಿದ. ನವೆಂಬರಿನ ಮೊದಲ ವಾರದಲ್ಲಿ ತೀರಿಕೊಂಡ. ಇಪ್ಪತ್ತೊಂದು ವರ್ಷ.

ಅವನನ್ನು ಕೊಂದ ರೋಗಕ್ಕೆ ಸೈನಿಕರು ‘ಹೇಪೋ’ ಎನ್ನುತ್ತಾರೆ. ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ಆಮ್ಲಜನಕ ಸಾಲದಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ, ಅವುಗಳೊಳಗಿನ ಒತ್ತಡ ಏರುತ್ತದೆ, ನೀರಿನಂಶ ಜಿನುಗಿ ಉಸಿರಿನ ಚೀಲಗಳಲ್ಲಿ ತುಂಬಿಕೊಳ್ಳುತ್ತದೆ. ಒಣ ಕೆಮ್ಮಿನಿಂದ ಶುರುವಾಗುತ್ತದೆ, ಕುಳಿತಲ್ಲೇ ಏದುಸಿರು ಬರುತ್ತದೆ, ಕೊನೆಗೆ ಗುಲಾಬಿ ಬಣ್ಣದ ನೊರೆ. ಗಟ್ಟಿಮುಟ್ಟಾದ ಹರೆಯದವರನ್ನೂ ಇದು ಬಿಡುವುದಿಲ್ಲ. ಇದನ್ನು ತಪ್ಪಿಸಲಿಕ್ಕೆಂದೇ ಸೇನೆಯಲ್ಲಿ ಮೆಟ್ಟಿಲಿನ ವ್ಯವಸ್ಥೆಯಿದೆ: 9,000 ಅಡಿ ದಾಟಿದ ಮೇಲೆ ಮೊದಲ ಹಂತದಲ್ಲಿ ಆರು ದಿನ, 12,000ದ ಮೇಲೆ ನಾಲ್ಕು ದಿನ, 15,000ದ ಮೇಲೆ ಮತ್ತೆ ನಾಲ್ಕು ದಿನ. ರಜೆಯ ಮೇಲೆ ಊರಿಗೆ ಹೋಗಿ ತಿಂಗಳುಗಟ್ಟಲೆ ಕೆಳಗಿದ್ದವನ ದೇಹ ಎತ್ತರವನ್ನು ಮರೆತಿರುತ್ತದೆ, ಅವನು ಈ ಮೆಟ್ಟಿಲನ್ನು ಮತ್ತೆ ಮೊದಲಿನಿಂದ ಹತ್ತಬೇಕು. ಮೆಟ್ಟಿಲು ಹತ್ತಿದರೂ ಕೆಲವರಿಗೆ ಬರುತ್ತದೆ. ಬಂದರೆ ಮುಖ್ಯವಾದ ಮದ್ದು ಒಂದೇ, ಕೆಳಗೆ ಇಳಿಸುವುದು. ಅಲ್ಲಿಯವರೆಗೆ ಆಮ್ಲಜನಕ ಕೊಟ್ಟು, ಗಾಳಿ ತುಂಬಿ ಒತ್ತಡ ಹೆಚ್ಚಿಸುವ ಚೀಲದೊಳಗೆ ಮಲಗಿಸುತ್ತಾರೆ. ಗಾಳಿ ತುಂಬಿದ ಚೀಲ ಎಂದು ಅವನ ಗೆಳೆಯ ನನಗೆ ಮೊದಲ ಸಲ ಹೇಳಿದಾಗ ನನ್ನ ಕಣ್ಣೆದುರಿಗೆ ಬಂದದ್ದು ನಮ್ಮ ಹಾಸಿಗೆಯ ಒತ್ತಿನ ಫುಗ್ಗಾಗಳು. ಆ ರಾತ್ರಿ ಮೋಡ ಕವಿದು ಹೆಲಿಕಾಪ್ಟರ್ ಇಳಿಯಲು ಆಗಲಿಲ್ಲವಂತೆ. ಬೆಳಗಾಗುವ ಮೊದಲೇ ಮುಗಿದಿತ್ತು.

ಈ ರೋಗದ ಬಗೆಗಿನ ತಿಳಿವಳಿಕೆಯೂ ಸೈನಿಕರ ಮೈಯಿಂದಲೇ ಬಂದದ್ದು. 1962ರ ಯುದ್ಧದ ಹೊತ್ತಿಗೆ ಬಯಲುಸೀಮೆಯ ಪಡೆಗಳನ್ನು ವಿಮಾನದಲ್ಲಿ ಒಮ್ಮೆಲೇ ಎತ್ತರಕ್ಕೆ ಸಾಗಿಸಬೇಕಾಗಿ ಬಂದಾಗ ಹುಡುಗರು ಗುಂಡಿಲ್ಲದೆಯೇ ಬೀಳತೊಡಗಿದರು. ಸೇನೆಯ ವೈದ್ಯ ಇಂದರ್ ಸಿಂಗ್ ಮತ್ತು ಅವರ ಸಂಗಡಿಗರು 1,925 ಸೈನಿಕರನ್ನು ಗಮನಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇಂದಿಗೂ ಜಗತ್ತಿನ ಪರ್ವತಾರೋಹಣದ ವೈದ್ಯರು ಉಲ್ಲೇಖಿಸುತ್ತಾರೆ. ಸಿಯಾಚಿನ್‌ನಲ್ಲಿ 1984ರಿಂದ ತೀರಿಕೊಂಡ ನಮ್ಮ 800ಕ್ಕೂ ಹೆಚ್ಚು ಸೈನಿಕರಲ್ಲಿ ಬಹುಪಾಲು ಜನರನ್ನು ಕೊಂದದ್ದು ಚಳಿ, ಹಿಮಪಾತ, ಎತ್ತರ. 2003ರ ನವೆಂಬರಿನ ಕದನವಿರಾಮದ ಮೇಲಂತೂ ಅಲ್ಲಿ ಗುಂಡಿನ ಸದ್ದೇ ನಿಂತಿತ್ತು. ಹಾಗಿರುವಾಗ ಪ್ರತಿಯೊಬ್ಬನ ಎದೆಗೂ ಒಂದು ಗುಂಡು ಅಂಟಿಸುವ ಆತುರ ನಮಗೇಕೆ?

ತೀರುವ ಎರಡು ದಿನ ಮೊದಲು ಅವನು ನನಗೆ ಫೋನು ಮಾಡಿದ್ದ. ತಂಗಿಯ ಕಾಲೇಜಿನ ವಿಚಾರ, ಸಿಮೆಂಟಿನ ವಿಚಾರ. ನಡುನಡುವೆ ಕೆಮ್ಮುತ್ತಿದ್ದ. ಪಲ್ಟನ್ನಿನ ವೈದ್ಯರ ಎಂ.ಐ. ರೂಮಿಗೆ ಹೋಗಿದ್ದೆಯೇನೋ ಎಂದು ಕೇಳಿದೆ. “ಹೋಗ್ತೇನಿ ಮಾಮಾ, ಸಣ್ಣದೈತಿ” ಎಂದ. ಶುಂಠಿ ಹಾಕಿದ ಚಹಾ ಕುಡಿ ಎಂದೆ. ಅವನು ನಿಜವಾಗಿ ಯಾವಾಗ ಹೋದ, ಹೋಗಲು ತಡಮಾಡಿದನೋ ಇಲ್ಲವೋ, ನನ್ನ 2017ರ ಮಾತು ಅವನ ತಲೆಯಲ್ಲಿ ಉಳಿದಿತ್ತೋ ಇಲ್ಲವೋ, ಯಾರೂ ಹೇಳಲಾರರು. ಅವನ ಗೆಳೆಯನನ್ನು ಕೇಳಬೇಕೆಂದು ಎರಡು ಸಲ ಬಾಯಿ ತೆರೆದಿದ್ದೇನೆ. ವೇದಿಕೆಯ ಮೇಲೆ ಆ ಗುಂಡಿನ ಕಥೆ ಕೇಳಿದಾಗ ನಾನೂ ಚಪ್ಪಾಳೆ ತಟ್ಟಿದೆನೆಂದು ಮೇಲೆ ಬರೆದಿದ್ದೇನೆ. ಗುಂಡಾದರೆ ಅದನ್ನು ಹಾರಿಸಿದವನು ಬೇರೆ ಯಾರೋ ಆಗಿರುತ್ತಾನೆ.

340 ಕಿಲೋಮೀಟರ್

ಅವ್ವನಿಗೆ ಹಿಂದಿ ಬರುವುದಿಲ್ಲವೆಂದು ಅವನು ಪಲ್ಟನ್ನಿನಲ್ಲಿ ನನ್ನ ಮೊಬೈಲ್ ನಂಬರನ್ನೂ ಬರೆಸಿದ್ದ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೇರಿಂಗುಗಳ ಡಬ್ಬಿ ಎಣಿಸುತ್ತಿದ್ದಾಗ, ಮಧ್ಯಾಹ್ನದ ಹೊತ್ತು, ಫೋನು ಬಂತು. “ಆಪ್ ಉನ್ ಕೇ ಮಾಮಾಜಿ ಬೋಲ್ ರಹೇ ಹೈಂ?” ಅವನ ಹೆಸರಿನ ಹಿಂದೆ ಹುದ್ದೆ, ಮುಂದೆ ‘ಜಿ’. ಇಪ್ಪತ್ತೊಂದರ ಸಿಪಾಯಿಯನ್ನು ಯಾರಾದರೂ ಬಹುವಚನದಲ್ಲಿ ಕರೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮುಂದಿನ ಮಾತು ಬರುವ ಮೊದಲೇ ಆ ಬಹುವಚನದಿಂದ ನನಗೆ ತಿಳಿಯಿತು.

ಊರಿನ ಪೊಲೀಸರು ಹೋಗಿ ಹೇಳುವ ಮೊದಲು ನಾನು ತಲುಪುತ್ತೇನೆ, ನಾನೇ ಹೇಳುತ್ತೇನೆ ಎಂದು ಆ ಸಾಹೇಬರಲ್ಲಿ ಬೇಡಿಕೊಂಡೆ. ಸ್ವಾರಗೇಟಿನಿಂದ ಬೆಳಗಾವಿ ಬಸ್ಸು ಹಿಡಿದೆ. ಪುಣೆಯಿಂದ ಬೆಳಗಾವಿಗೆ ಸುಮಾರು 340 ಕಿಲೋಮೀಟರ್. ಇಪ್ಪತ್ತೇಳು ವರ್ಷಗಳಲ್ಲಿ ಎಷ್ಟು ಸಲ ಹೋಗಿಬಂದ ದಾರಿಯೋ ಲೆಕ್ಕವಿಲ್ಲ. ಬರುತ್ತಿದ್ದೇನೆಂದು ತಿಳಿಸಲು ಅಕ್ಕನಿಗೆ ಫೋನು ಮಾಡಿ, ಬೆಳಗಾವಿಯಲ್ಲಿ ಗೆಳೆಯನ ಮಗಳ ಮದುವೆ, ಹಾಗೇ ಊರಿಗೂ ಬಂದುಹೋಗುತ್ತೇನೆ ಎಂದೆ. ಅವಳಿಗೆ ಸಂತೋಷವೇ ಆಯಿತು.

ಖಂಬಾಟಕಿ ಘಾಟಿನಲ್ಲಿ ಅವಳೇ ಫೋನು ಮಾಡಿದಳು, ಊಟವಾಯಿತೇ ಎಂದು. ಕರಾಡ ದಾಟಿದ ಮೇಲೆ ಮತ್ತೆ ಮಾಡಿದಳು. ಹಿಂದಿನ ಗೋಡೆಯ ಗಿಲಾಯಿ ಮುಗಿಸಲು ಇನ್ನೂ ನಾಲ್ಕು ಚೀಲ ಸಿಮೆಂಟು ಬೇಕು, ಬರುವಾಗ ಬೈಲಹೊಂಗಲದಲ್ಲಿ ದರ ಕೇಳಿಕೊಂಡು ಬಾ ಎಂದಳು. “ಅವಗ ಹೇಳಬ್ಯಾಡ ಮತ್ತ, ಕೇಳಿದ ಕೂಡ್ಲೇ ರೊಕ್ಕ ಕಳಸ್ತಾನ. ತನಗಂತ ಏನೂ ಇಟ್ಕೊಳ್ಳೂದಿಲ್ಲ ಹುಡುಗ.” ಹೇಳುವುದಿಲ್ಲ ಎಂದೆ. ಕೊಲ್ಲಾಪುರದ ಬೈಪಾಸಿನಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಮೂರನೆಯ ಫೋನು. ಅವನ ನಂಬರ್ ಹತ್ತುತ್ತಿಲ್ಲ, ನಿನಗೇನಾದರೂ ಹತ್ತಿತೇನು ಎಂದು. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ ಅಕ್ಕಾ, ಮಲಗು ಎಂದೆ. ಅವಳು ಮಲಗಿದಳು. ಜೀವನದಲ್ಲಿ ಅವಳು ನೆಮ್ಮದಿಯಿಂದ ಮಲಗಿದ ಕೊನೆಯ ರಾತ್ರಿಯನ್ನು ಉಳಿಸಿಕೊಟ್ಟೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಒಂದು ರಾತ್ರಿಯಿಡೀ ಅವಳಿಗೆ ಮೋಸಮಾಡಿದೆ ಎಂದೂ ಅನ್ನಿಸುತ್ತದೆ. ನಿಪ್ಪಾಣಿಯ ನಂತರ ಬಸ್ಸಿನಲ್ಲಿ ದೀಪ ಆರಿಸಿದರು.

ಬೆಳಿಗ್ಗೆ ಅವಳು ಬಾಗಿಲಲ್ಲಿ ಸಗಣಿ ಸಾರಿಸುತ್ತಿದ್ದಳು. ಅಲ್ಲಿಂದ ಮುಂದಿನ ಒಂದು ತಾಸನ್ನು ಬರೆಯುವುದಿಲ್ಲ.

ಮೂರನೆಯ ದಿನ ಸಾಂಬ್ರಾ ವಿಮಾನ ನಿಲ್ದಾಣದಿಂದ ಪೆಟ್ಟಿಗೆ ಬಂತು. ಹೂವಿನ ಲಾರಿ, ಶಾಲೆಯ ಮಕ್ಕಳ ಸಾಲು, ಜೈಕಾರ, ಗಾಳಿಯಲ್ಲಿ ಗುಂಡು ಹಾರಿಸಿ ಗೌರವ. ಅಂಗಳದಲ್ಲಿ ಜಾಗವಿಲ್ಲದೆ ಜನ ಹಿತ್ತಲಿಗೂ ನುಗ್ಗಿ ಉಸುಕಿನ ಗುಂಪಿಯ ಮೇಲೆ ಹತ್ತಿ ನಿಂತರು. ಕೆಲವರು ಹಿಂದಿನ ಗೋಡೆಯನ್ನು ಆಧರಿಸಿ ನಿಂತಿದ್ದರು. ಅರ್ಧ ಎತ್ತರದವರೆಗೆ ಮಾತ್ರ ಗಿಲಾಯಿಯಾಗಿತ್ತು, ಅದರ ಮೇಲೆ ಥಾಪಿ ಎಳೆದ ಗೆರೆಗಳು ಒಂದಕ್ಕೊಂದು ಕೂಡದೆ ಅಡ್ಡಾದಿಡ್ಡಿ ಕಾಣುತ್ತಿದ್ದವು, ಒಂದು ಕಡೆ ಬೆರಳಿನಿಂದಲೇ ಸವರಿ ಸರಿಮಾಡಲು ನೋಡಿದ ಗುರುತು. ಧ್ವಜವನ್ನು ಮಡಚಿ ಅಕ್ಕನ ಕೈಗೆ ಕೊಟ್ಟರು. ಅದು ಈಗ ಟ್ರಂಕಿನಲ್ಲಿ ಅವಳ ಇಳಕಲ್ ಸೀರೆಯ ಕೆಳಗಿದೆ.

ಕಾಗದಪತ್ರಗಳ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಅಲ್ಲಿಯೂ ಸಾವಿನ ಕಾರಣಕ್ಕೆ ಒಂದು ಅಂಕಣವಿದೆ. ಯುದ್ಧಹಾನಿಯೋ ದೈಹಿಕ ಹಾನಿಯೋ ಎಂಬ ವರ್ಗೀಕರಣದ ಮೇಲೆ ಪಿಂಚಣಿಯ ಬಗೆ ನಿರ್ಧಾರವಾಗುತ್ತದೆ. ಸರ್ಕಾರದ ಕಾಗದ ಕಠಿಣವಾದರೂ ಸುಳ್ಳು ಹೇಳುವುದಿಲ್ಲ ಎಂಬುದು ನನಗೆ ಒಂದು ರೀತಿಯ ಸಮಾಧಾನ ತಂದಿತು. ‘ಶಹೀದ್’ ಎಂಬ ಪದವನ್ನು ಸಶಸ್ತ್ರ ಪಡೆಗಳಲ್ಲಿ ಬಳಸುವುದಿಲ್ಲವೆಂದು ಸರ್ಕಾರ 2021ರಲ್ಲಿ ಸಂಸತ್ತಿಗೆ ತಿಳಿಸಿದಾಗ ಬಹಳ ಜನ ಸಿಟ್ಟಾದರು. ನಾನು ಆಗಲಿಲ್ಲ.

ಕಲ್ಲುಗಳು

ನಮ್ಮ ಊರ ಹನುಮಪ್ಪನ ಗುಡಿಯ ಹಿಂದೆ ಒಂದು ವೀರಗಲ್ಲಿದೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಅವನು ಕುಳಿತಿರುವುದು. ಕನ್ನಡ ನಾಡಿನ ಸಾವಿರಾರು ವೀರಗಲ್ಲುಗಳ ಮಾದರಿಯೇ. ‘ಜಿತೇನ ಲಭ್ಯತೇ ಲಕ್ಷ್ಮೀಃ ಮೃತೇನಾಪಿ ಸುರಾಂಗನಾ’ ಎಂದು ಅಂಥ ಕಲ್ಲುಗಳ ಮೇಲೆ ಕೆತ್ತುತ್ತಿದ್ದರು: ಗೆದ್ದರೆ ಸಂಪತ್ತು, ಸತ್ತರೆ ದೇವಕನ್ನಿಕೆ. ಸಾವಿರ ವರ್ಷಗಳಿಂದ ನಮಗೆ ಸಿದ್ಧವಾಗಿರುವ ಅಚ್ಚು ಇದು, ನಿರೂಪಕರ ಬಾಯಿಗೆ ಬಂದದ್ದೂ ಇದೇ ಅಚ್ಚಿನಿಂದ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟವಿಲ್ಲದಿದ್ದರೆ ಮೇಲಿನ ಎರಡಕ್ಕೆ ಆಧಾರವಿಲ್ಲ. (ಅಚ್ಚು ಅಷ್ಟು ಬಿಗಿಯೂ ಅಲ್ಲ, ನಿಜ ಹೇಳಬೇಕೆಂದರೆ. ಹತ್ತನೆಯ ಶತಮಾನದ ಆತಕೂರಿನ ಕಲ್ಲು, ಹಂದಿಯೊಂದಿಗೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೂ ನಿಂತಿದೆ. ಆದರೆ ನಾಯಿಯೂ ಕಾದಾಡಿಯೇ ಸಾಯಬೇಕಾಯಿತು.)

ಸನ್ಮಾನದ ಮರುದಿನ ಅಕ್ಕನ ಬಸ್ಸು ರಾತ್ರಿಗಿತ್ತು. ಅವಳನ್ನು ಮನೆಯಲ್ಲಿ ಕೂಡಿಸಲು ಮನಸ್ಸಾಗದೆ ಖಡಕಿಯ ಹೋಳ್ಕರ್ ಸೇತುವೆಯ ಹತ್ತಿರದ ಯುದ್ಧ ಸ್ಮಶಾನಕ್ಕೆ ಕರೆದುಕೊಂಡು ಹೋದೆ. ಆ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದರೂ ನಾನು ಒಳಗೆ ಹೋದದ್ದು ಮೂರೋ ನಾಲ್ಕೋ ಸಲ. ಎರಡನೆಯ ಮಹಾಯುದ್ಧದ ಕಾಲದ 1,668 ಸಮಾಧಿಗಳು ಅಲ್ಲಿವೆ. ಪಶ್ಚಿಮ ಮತ್ತು ಮಧ್ಯ ಭಾರತದ ಬೇರೆ ಬೇರೆ ಊರುಗಳಲ್ಲಿ ನೋಡಿಕೊಳ್ಳುವವರಿಲ್ಲದೆ ಉಳಿದಿದ್ದವನ್ನು ಒಂದೆಡೆ ತಂದು ಸೇರಿಸಿದ್ದಾರೆ. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಭಾರತದಲ್ಲಿ ತೀರಿಕೊಂಡ 1,800ಕ್ಕೂ ಹೆಚ್ಚು ಜನರ ಹೆಸರುಗಳೂ ಅಲ್ಲಿವೆ. ಸ್ವಲ್ಪ ಯೋಚಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಆ ವರ್ಷಗಳಲ್ಲಿ ನಮ್ಮ ಈ ಭಾಗದಲ್ಲಿ ಯಾವ ರಣರಂಗವೂ ಇರಲಿಲ್ಲ. ಇಲ್ಲಿ ಮಲಗಿರುವವರು ಆಸ್ಪತ್ರೆಯ ಮಂಚದ ಮೇಲೆ, ಜ್ವರದಿಂದ, ಅಪಘಾತದಿಂದ, ಎಲ್ಲಿಯೋ ತಾಗಿದ ಗಾಯ ಮಾಯದೆ ತೀರಿಕೊಂಡಿರಬೇಕು. ಆದರೂ ಅಧಿಕಾರಿ, ಸಿಪಾಯಿ ಎಂಬ ಭೇದವಿಲ್ಲದೆ ಎಲ್ಲ ಕಲ್ಲುಗಳೂ ಒಂದೇ ಅಳತೆ: ದಳದ ಲಾಂಛನ, ನಂಬರು, ಹುದ್ದೆ, ಹೆಸರು, ತೀರಿದ ದಿನ, ವಯಸ್ಸು. ಎಲ್ಲಕ್ಕಿಂತ ಕೆಳಗೆ, ಮನೆಯವರು ಬಯಸಿದರೆ, ಅವರೇ ಆರಿಸಿದ ಒಂದು ಸಾಲು. ಅದು ಹೆಚ್ಚುಕಡಿಮೆ ಅರವತ್ತು ಅಕ್ಷರ ಮೀರುವಂತಿರಲಿಲ್ಲ.

ಅಕ್ಕ ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು ಹುಲ್ಲಿನ ಮೇಲೆ ನಡೆದಳು. ಸಾಲುಸಾಲಾಗಿ ನೋಡುತ್ತ ಹೋಗಿ ಒಂದು ಕಲ್ಲಿನ ಮುಂದೆ ನಿಂತು, ಇವನಿಗೆ ಎಷ್ಟು ವಯಸ್ಸು ಎಂದು ಕೇಳಿದಳು. ಇಪ್ಪತ್ತೆರಡು ಎಂದೆ.

“ನಮ್ಮವನಕಿಂತ ಒಂದ ವರ್ಷ ದೊಡ್ಡಾಂವ. ಕೆಳಗ ಏನ್ ಬರದಾರ?”

“ಅವನ ಅಪ್ಪ-ಅವ್ವ ಬರಸಿದ್ದಕ್ಕ. ದಿನಾ ನೆನಸ್ತೀವಿ ಅಂತ.”

ಅವಳು ಕುಕ್ಕರುಗಾಲಿನಲ್ಲಿ ಕುಳಿತು ಆ ಸಾಲಿನ ಮೇಲೆ ಬೆರಳಾಡಿಸಿದಳು. ಓದಲು ಬಾರದ ಅಕ್ಷರಗಳನ್ನು ಎಡದಿಂದ ಬಲಕ್ಕೆ, ಒಂದೊಂದಾಗಿ, ಕೊನೆಯವರೆಗೂ ಮುಟ್ಟಿದಳು.

“ಹೆಂಗ ಸತ್ತಾ ಅಂತ ಬರದಿಲ್ಲೇನು?”

“ಇಲ್ಲಕ್ಕ.”

“ಯಾರದೂ ಬರದಿಲ್ಲ?”

“ಯಾರದೂ ಬರದಿಲ್ಲ.”

“ಛಲೋ ಆತು ಬಿಡು” ಎಂದು ಎದ್ದಳು. ಸೀರೆಗೆ ಅಂಟಿದ ಹುಲ್ಲನ್ನು ಕೊಡವಿಕೊಂಡು, ಆ ಸಾಲಿನ ಉಳಿದ ಕಲ್ಲುಗಳನ್ನೂ ಒಂದನ್ನೂ ಬಿಡದೆ ನೋಡಿ ಮುಗಿಸಿದಳು. ಎಲ್ಲರ ವಯಸ್ಸನ್ನೂ ನಾನು ಓದಿ ಹೇಳಬೇಕಾಯಿತು.

ರಾತ್ರಿ ಸ್ವಾರಗೇಟಿನಲ್ಲಿ ಬಸ್ಸು ತಡವಾಯಿತು. ಗಾಜಿನ ಸ್ಮರಣಿಕೆ ಬಸ್ಸಿನಲ್ಲಿ ಒಡೆಯುತ್ತದೆಂದು ಅದನ್ನು ನಮ್ಮ ಮನೆಯಲ್ಲೇ ಬಿಟ್ಟಿದ್ದಳು, ಶಾಲನ್ನು ಮಾತ್ರ ಚಳಿಗೆ ಹೊದ್ದುಕೊಂಡಿದ್ದಳು. ಮಗಳಿಗೆ ಗಂಡು ನೋಡಲು ಬರುವವರಿದ್ದಾರೆ, ಮನೆಗೆ ಸುಣ್ಣ ಬಳಿಸಬೇಕು, ಪುಣೆಯಲ್ಲಿ ಬಣ್ಣದ ಡಬ್ಬಿಗೆ ಎಷ್ಟಿದೆ ಎಂದು ಕೇಳಿದಳು. ನಾನು ಹೇಳಿದೆ. ನಾಲ್ಕೂ ಗೋಡೆಗೆ ಎಷ್ಟು ಬೇಕಾದೀತು ಎಂದು ಲೆಕ್ಕ ಹಾಕಲು ಮೊಬೈಲು ತೆಗೆದೆ.

“ಮೂರಕ್ಕ ಹಾಕು” ಎಂದಳು. “ಹಿಂದಿನ ಗ್ವಾಡಿಗೆ ಬ್ಯಾಡ.”